ಬೇರೆಯವರ ಹೆಸರಲ್ಲಿ ಹಾರಿದವನು

(ನವೆಂಬರ್ ತಿಂಗಳ ಒಂದು ಭಾನುವಾರ ಸಂಜೆ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆಡಿದ ಮಾತು ಇದು. ಅಲ್ಲಲ್ಲಿ ಸ್ವಲ್ಪ ಒಪ್ಪ ಮಾಡಿದ್ದೇನೆ. ಉಳಿದದ್ದು ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಐದು ಡಾಲರ್ ಕೈಗಿಟ್ಟರೆ ನಿಮ್ಮ ಬದಲು ವಿಮಾನದಿಂದ ಧುಮುಕುತ್ತಿದ್ದ ಒಬ್ಬ ಹುಡುಗನ ಕತೆ ಹೇಳುತ್ತೇನೆ.

ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 50 ಡಾಲರ್ ಸಂಬಳ. ಪ್ಯಾರಾಟ್ರೂಪರ್, ಅಂದರೆ ಪ್ಯಾರಾಚೂಟು ಕಟ್ಟಿಕೊಂಡು ವಿಮಾನದಿಂದ ಧುಮುಕುವ ಸಿಪಾಯಿ ಆದರೆ ಮೇಲೆ ಇನ್ನೂ 50 ಡಾಲರ್. ಅಂದರೆ ಡಬಲ್. ಆದರೆ ಆ ದುಡ್ಡು ಸುಮ್ನೆ ಬರುವುದಿಲ್ಲ. ಸರದಿ ಬಂದಾಗ ವಿಮಾನದ ಬಾಗಿಲಲ್ಲಿ ನಿಂತು ಧುಮುಕಲೇಬೇಕು. ಎಲ್ಲರಿಗೂ ಎಲ್ಲ ದಿನವೂ ಧೈರ್ಯ ಇರುತ್ತದಾ? ಇರುವುದಿಲ್ಲ. ಅಂಥವರು ಈ ಹುಡುಗನ ಹತ್ತಿರ ಬರುತ್ತಿದ್ದರು. ಇವನು ಐದು ಡಾಲರ್ ಇಸ್ಕೊಂಡು ಅವರ ಹೆಸರಲ್ಲಿ ವಿಮಾನ ಹತ್ತುತ್ತಿದ್ದ, ಅವರ ಹೆಸರಲ್ಲೇ ಧುಮುಕುತ್ತಿದ್ದ.

ಅವನ ಹೆಸರು ಜೋಸೆಫ್ ಬೈರ್ಲಿ. ಗೆಳೆಯರು ಇಟ್ಟ ಅಡ್ಡಹೆಸರು ಜಂಪಿಂಗ್ ಜೋ. ನಾನೂ ಜೋ ಅಂತಲೇ ಕರೆಯುತ್ತೇನೆ. ಬೇರೆಯವರ ಹೆಸರಲ್ಲಿ ಅಷ್ಟು ಸಲ ಹಾರಿದ ಈ ಜೋನ ಹೆಸರಲ್ಲಿ ಮುಂದೆ ಇನ್ನೊಬ್ಬ ಸತ್ತ. ನನ್ನನ್ನು ಈ ಕತೆಗೆ ಎಳೆದದ್ದು ಅದೇ. ಬಂದೂಕು, ಟ್ಯಾಂಕು ಎಲ್ಲ ಬರುತ್ತವೆ, ಬರಲಿ. ನನ್ನ ಕಣ್ಣು ಮಾತ್ರ ಈ ಹೆಸರಿನ ಮೇಲೇ ಇರುತ್ತದೆ.

ಮಿಷಿಗನ್ ಸರೋವರದ ದಡದಲ್ಲಿ ಮಸ್ಕೀಗನ್ ಅಂತ ಒಂದು ಊರು. ಜೋ ಅಲ್ಲಿ 1923ರ ಆಗಸ್ಟ್ 25ರಂದು ಹುಟ್ಟಿದ. ಏಳು ಮಕ್ಕಳಲ್ಲಿ ಒಬ್ಬ. ಅಜ್ಜ ಅಜ್ಜಿಯರ ಕಾಲಕ್ಕೆ ಜರ್ಮನಿಯಿಂದ ಬಂದ ಕುಟುಂಬ. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ. 1929ರ ನಂತರ ಅಮೆರಿಕದಲ್ಲಿ ಎಂಥ ಕಷ್ಟಕಾಲ ಬಂತು ಅಂತ ನೀವು ಕೇಳಿರುತ್ತೀರಿ. ಅಪ್ಪನ ಕೆಲಸ ಹೋಯಿತು. ಮನೆಯಿಂದ ಹೊರಗೆ ಹಾಕಿದರು. ಎಲ್ಲರೂ ಅಜ್ಜಿಯ ಮನೆ ಸೇರಿದರು. ಇಬ್ಬರು ಅಣ್ಣಂದಿರು ಓದು ಬಿಟ್ಟು ಸರ್ಕಾರದ ಒಂದು ಯೋಜನೆಗೆ ಸೇರಿಕೊಂಡರು. ಕೆಲಸ ಇಲ್ಲದ ಹುಡುಗರಿಗೆ ಗಿಡ ನೆಡುವುದು, ರಸ್ತೆ ಮಾಡುವುದು ಇಂಥ ಕೆಲಸ ಕೊಡುತ್ತಿದ್ದ ಯೋಜನೆ ಅದು. ತಿಂಗಳಿಗೆ 30 ಡಾಲರ್ ಕೂಲಿ, ಅದರಲ್ಲಿ 25 ಡಾಲರ್ ಮನೆಗೇ ಹೋಗುತ್ತಿತ್ತು. ಒಬ್ಬ ಅಕ್ಕ ಹದಿನಾರನೇ ವಯಸ್ಸಿಗೆ ಜ್ವರದಲ್ಲಿ ತೀರಿಕೊಂಡಳು. ಐದು ಡಾಲರ್‌ಗೆ ಪ್ರಾಣ ಪಣಕ್ಕಿಡುವ ಹುಡುಗ ಎಲ್ಲಿಂದ ಬಂದ ಅಂತ ಕೇಳಿದರೆ, ಇಲ್ಲಿಂದ.

1942ರಲ್ಲಿ ಹೈಸ್ಕೂಲು ಮುಗಿಯಿತು. ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಸ್ಕಾಲರ್‌ಶಿಪ್ ಸಿಗುವುದಿತ್ತು. ಅದನ್ನು ಬಿಟ್ಟು ಸೈನ್ಯ ಸೇರಿದ, ಅದರಲ್ಲೂ ಪ್ಯಾರಾಟ್ರೂಪರ್ ಆಗುತ್ತೇನೆ ಅಂದ.

ಜಾರ್ಜಿಯಾ ರಾಜ್ಯದ ಟಕೋವಾ ಊರಲ್ಲಿ ತರಬೇತಿ. ಆ ಕ್ಯಾಂಪಿಗೆ ಮೊದಲಿದ್ದ ಹೆಸರು ಕ್ಯಾಂಪ್ ಟೂಂಬ್ಸ್. ಹಳೇ ಸೇನಾಧಿಕಾರಿಯೊಬ್ಬನ ಹೆಸರು. ಆದರೆ ಇಂಗ್ಲಿಷ್ ಕಿವಿಗೆ ಅದು 'ಗೋರಿಗಳ ಕ್ಯಾಂಪು' ಅಂತಲೇ ಕೇಳಿಸುತ್ತದೆ. ಸಾಲದ್ದಕ್ಕೆ ಕ್ಯಾಂಪಿಗೆ ಹೋಗುವ ದಾರಿಯಲ್ಲಿ ಶವಪೆಟ್ಟಿಗೆ ಮಾಡುವ ಒಂದು ಕಾರ್ಖಾನೆ! ಕರ್ನಲ್ ರಾಬರ್ಟ್ ಸಿಂಕ್ ಇದು ಬೇಡಪ್ಪ ಅಂತ ಊರಿನ ಹೆಸರನ್ನೇ ಕ್ಯಾಂಪಿಗೆ ಇಡಿಸಿದರು. ಪಕ್ಕದಲ್ಲಿ ಕರಾಹೀ ಅನ್ನುವ ಬೆಟ್ಟ. ಮೂರು ಮೈಲಿ ಹತ್ತು, ಮೂರು ಮೈಲಿ ಇಳಿ, ಅದೂ ಓಡುತ್ತಾ. ಕರಾಹೀ ಅಂದರೆ ಅಲ್ಲಿನ ಚೆರೋಕಿ ಜನರ ಭಾಷೆಯಲ್ಲಿ ಒಂಟಿಯಾಗಿ ನಿಂತದ್ದು ಅಂತ ಅರ್ಥವಂತೆ. ಜೋ ಇದ್ದ 506ನೇ ಪ್ಯಾರಾಚೂಟ್ ರೆಜಿಮೆಂಟಿಗೆ ಅದೇ ಯುದ್ಧಘೋಷವಾಯಿತು. ಅವನ ಮೂರನೇ ಬೆಟಾಲಿಯನ್ ಡಿಸೆಂಬರ್ ಚಳಿಯಲ್ಲಿ ಅಟ್ಲಾಂಟಾದಿಂದ ಫೋರ್ಟ್ ಬೆನಿಂಗ್‌ವರೆಗೆ 136 ಮೈಲಿ ನಡೆಯಿತು. ಬೆಂಗಳೂರಿನಿಂದ ಮೈಸೂರಿಗೆ ನಡೆದು ಹೋಗಿ, ಅರ್ಧ ದಾರಿ ವಾಪಸ್ ಬಂದಷ್ಟು.

ಜೋ ಕಲಿತದ್ದು ಎರಡು ವಿದ್ಯೆ. ರೇಡಿಯೋ ನಡೆಸುವುದು, ಸ್ಫೋಟಕ ಇಟ್ಟು ಉಡಾಯಿಸುವುದು. ಸ್ಫೋಟಕ ಅಂದಾಗ ನಮ್ಮ ಊರಿನ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಮುಳ್ಳುತಂತಿ ಬೇಲಿ ಒಡೆಯಲು ಉದ್ದನೆಯ ಕೊಳವೆಯಲ್ಲಿ ಮದ್ದು ತುಂಬಿ ತಳ್ಳುತ್ತಾರಲ್ಲ, ಅದರ ಹೆಸರೇ ಬೆಂಗಳೂರು ಟಾರ್ಪೆಡೊ. 1912ರಲ್ಲಿ ಬೆಂಗಳೂರಿನಲ್ಲಿ ಮೆಕ್ಲಿಂಟಾಕ್ ಅನ್ನುವ ಬ್ರಿಟಿಷ್ ಕ್ಯಾಪ್ಟನ್ ಮಾಡಿದ್ದು. ಜೋ ಫ್ರಾನ್ಸಿಗೆ ಧುಮುಕಿದ ದಿನವೇ ಅಮೆರಿಕದ ಸೈನಿಕರು ಓಮಾಹಾ ಕಡಲತೀರದಲ್ಲಿ ಅದನ್ನು ಬಳಸಿದರು. ಇರಲಿ, ಇದು ಸುಮ್ನೆ ಬಾಯಿಗೆ ಬಂತು.

ಅವರ ರೆಜಿಮೆಂಟು 101ನೇ ಏರ್‌ಬೋರ್ನ್ ಡಿವಿಷನ್ ಸೇರಿ ಇಂಗ್ಲೆಂಡಿಗೆ ಬಂತು. ಅಲ್ಲಿಂದ 1944ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಮೇಲೆ ಜೂನ್‌ನಲ್ಲಿ ನಡೆದ ದೊಡ್ಡ ದಾಳಿಗೂ ಮೊದಲೇ, ಜೋ ಎರಡು ಸಲ ಫ್ರಾನ್ಸಿಗೆ ಗುಟ್ಟಾಗಿ ಧುಮುಕಿ ಬಂದ. ಜರ್ಮನ್ನರ ವಿರುದ್ಧ ಒಳಗೊಳಗೇ ಹೋರಾಡುತ್ತಿದ್ದ ಫ್ರೆಂಚರಿಗೆ ಚಿನ್ನ ತಲುಪಿಸುವ ಕೆಲಸ. ಇದು ಅವನೇ ಹೇಳಿಕೊಂಡದ್ದು. ಗುಟ್ಟಿನ ಕೆಲಸಕ್ಕೆ ರಸೀದಿ ಎಲ್ಲಿರುತ್ತದೆ? ನನಗಂತೂ ನಂಬಬಹುದು ಅನಿಸುತ್ತದೆ.

ಈಗ ಜೂನ್ 5ರ ಸಂಜೆಗೆ ಬರೋಣ. ಬೆಟಾಲಿಯನ್ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ರಾಬರ್ಟ್ ವುಲ್ವರ್ಟನ್. ವಿಮಾನ ಹತ್ತುವ ಮೊದಲು ಹುಡುಗರನ್ನೆಲ್ಲ ಮಂಡಿಯೂರಿಸಿ ಪ್ರಾರ್ಥನೆ ಮಾಡಿಸಿದರು. ತಲೆ ತಗ್ಗಿಸಬೇಡಿ, ಮೇಲೆ ನೋಡಿ, ದೇವರು ಕಾಣಿಸಲಿ ಅಂದರು. ಕೆಲವೇ ಗಂಟೆಗಳಲ್ಲಿ ಅವರೇ ಫ್ರಾನ್ಸಿನ ಒಂದು ತೋಟದಲ್ಲಿ, ಪ್ಯಾರಾಚೂಟು ಮರಕ್ಕೆ ಸಿಕ್ಕಿಕೊಂಡು, ನೆಲಕ್ಕೆ ಕಾಲು ತಾಗುವ ಮೊದಲೇ ಗುಂಡಿಗೆ ಬಲಿಯಾದರು.

ಮರಕ್ಕೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಬಾರದಾ ಅಂತ ಕೇಳಬಹುದು. ಅಲ್ಲೇ ಇರುವುದು ತೊಂದರೆ. ಬ್ರಿಟಿಷರ ಪ್ಯಾರಾಚೂಟಿಗೆ ಎದೆಯ ಮೇಲೆ ಒಂದು ಬಿಲ್ಲೆ ಇತ್ತು. ತಿರುಗಿಸಿ ಒತ್ತಿದರೆ ಎಲ್ಲ ಪಟ್ಟಿಗಳೂ ಬಿಚ್ಚಿಕೊಳ್ಳುತ್ತಿದ್ದವು. ಆಗಿನ ಅಮೆರಿಕನ್ ಪ್ಯಾರಾಚೂಟಿಗೆ ಅದಿಲ್ಲ. ಒಂದೊಂದೇ ಕೊಂಡಿ ಬಿಚ್ಚಬೇಕು, ಇಲ್ಲಾ ಚಾಕುವಿನಿಂದ ಪಟ್ಟಿ ಕೊಯ್ಯಬೇಕು. ಮೈಮೇಲೆ ಹೊರೆ ಸಾಮಾನು, ಕತ್ತಲು, ಕೆಳಗೆ ಶತ್ರು. ಒಂದು ಬಿಲ್ಲೆ ಇಲ್ಲದ್ದಕ್ಕೆ ಎಷ್ಟು ಜೀವ ಹೋಯಿತೋ!

ಆ ರಾತ್ರಿ ಎರಡು ಅಮೆರಿಕನ್ ಡಿವಿಷನ್‌ಗಳ ಸುಮಾರು 13,000 ಪ್ಯಾರಾಟ್ರೂಪರ್‌ಗಳು 800ಕ್ಕೂ ಹೆಚ್ಚು ಸಿ-47 ವಿಮಾನಗಳಲ್ಲಿ ನಾರ್ಮಂಡಿಗೆ ಹೊರಟರು. ಕರಾವಳಿ ದಾಟುತ್ತಿದ್ದಂತೆ ಮೋಡ, ಕೆಳಗಿನಿಂದ ಗುಂಡಿನ ಮಳೆ. ವಿಮಾನಗಳ ಸಾಲು ಚೆದುರಿತು. ಹುಡುಗರು ಎಲ್ಲೆಲ್ಲೋ ಬಿದ್ದರು. ಜೋ ಧುಮುಕಿದಾಗ ವಿಮಾನ ಇದ್ದದ್ದು ಸುಮಾರು 120 ಮೀಟರ್ ಎತ್ತರದಲ್ಲಿ. ಆ ಎತ್ತರಕ್ಕೆ ಎದೆಗೆ ಕಟ್ಟಿದ ಎರಡನೇ ಪ್ಯಾರಾಚೂಟು ಬರೀ ಭಾರ. ಮೊದಲನೆಯದು ಬಿಚ್ಚದಿದ್ದರೆ ಅದನ್ನು ಬಿಚ್ಚುವಷ್ಟು ಹೊತ್ತೇ ಇರುವುದಿಲ್ಲ.

ಬಿಚ್ಚಿತು. ಇಳಿದದ್ದು ಸೇಂಟ್ ಕೋಮ್ ದ್ಯು ಮೋಂ ಅನ್ನುವ ಹಳ್ಳಿಯ ಚರ್ಚಿನ ಮಾಡಿನ ಮೇಲೆ! ಚರ್ಚಿನ ಗೋಪುರದಲ್ಲೇ ಜರ್ಮನ್ನರಿದ್ದರು, ಗುಂಡು ಹಾರಿಸಿದರು. ಜೋ ಮಾಡಿನಿಂದ ಜಾರಿ ಚರ್ಚಿನ ಸ್ಮಶಾನಕ್ಕೆ ಬಿದ್ದ. ಗೋಪುರಕ್ಕೆ ಪ್ಯಾರಾಚೂಟು ಸಿಕ್ಕಿ ನೇತಾಡಿದ ಸೈನಿಕನ ಕತೆ ಕೇಳಿದವರು ಇವನೇ ಅವನು ಅಂದುಕೊಳ್ಳಬೇಡಿ. ಅವನು ಜಾನ್ ಸ್ಟೀಲ್, 82ನೇ ಡಿವಿಷನ್ನಿನವನು, ಬಿದ್ದದ್ದು ಹತ್ತಿರದ ಸೇಂಟ್ ಮೇರ್ ಎಗ್ಲೀಸ್‌ನಲ್ಲಿ. ಅಲ್ಲಿ ಇವತ್ತಿಗೂ ಒಂದು ಗೊಂಬೆಯನ್ನು ನೇತುಹಾಕಿದ್ದಾರೆ.

ಜೋಗೆ ತನ್ನವರು ಯಾರೂ ಸಿಗಲಿಲ್ಲ. ಒಬ್ಬನೇ ಹೋಗಿ ಒಂದು ವಿದ್ಯುತ್ ಉಪಕೇಂದ್ರವನ್ನು ಉಡಾಯಿಸಿದ. ಇನ್ನೂ ಒಂದೆರಡು ಕಡೆ ಕೈ ತೋರಿಸಿದ. ಕೆಲವೇ ದಿನಗಳಲ್ಲಿ ಜರ್ಮನ್ನರ ಕೈಗೆ ಸಿಕ್ಕಿಬಿದ್ದ. ಆಗ ಅವನಿಗೆ 20 ವರ್ಷ.

ಇನ್ನು ಹೆಸರಿನ ವಿಷಯ. ಅಮೆರಿಕದ ಪ್ರತಿ ಸೈನಿಕನ ಕೊರಳಲ್ಲೂ ಎರಡು ಲೋಹದ ಬಿಲ್ಲೆ ಇರುತ್ತವೆ, ಡಾಗ್ ಟ್ಯಾಗ್ ಅಂತಾರೆ. ಹೆಸರು, ನಂಬರು, ರಕ್ತದ ಗುಂಪು, ಧರ್ಮ ಎಲ್ಲ ಅದರಲ್ಲೇ. ಸತ್ತರೆ ಒಂದು ಬಿಲ್ಲೆ ಹೆಣದ ಜೊತೆ, ಇನ್ನೊಂದು ಲೆಕ್ಕಕ್ಕೆ. ಜೋನ ಬಿಲ್ಲೆಗಳನ್ನು ಜರ್ಮನ್ನರು ಕಿತ್ತುಕೊಂಡರು. ಆಮೇಲೆ ನಾರ್ಮಂಡಿಯಲ್ಲಿ ಒಂದು ಹೆಣ ಸಿಕ್ಕಿತು. ಮೈಮೇಲೆ ಅಮೆರಿಕದ ಸಮವಸ್ತ್ರ, ಕೊರಳಲ್ಲಿ ಜೋಸೆಫ್ ಬೈರ್ಲಿ. ಸತ್ತವನು ಜರ್ಮನ್, ಆದರೆ ಬಿಲ್ಲೆ ಹೇಳಿದ್ದನ್ನು ಕಚೇರಿ ನಂಬಿತು. 1944ರ ಜೂನ್ 10ರಂದು ಬೈರ್ಲಿ ಸತ್ತ ಅಂತ ದಾಖಲಾಯಿತು. ಸೆಪ್ಟೆಂಬರ್‌ನಲ್ಲಿ ಮಸ್ಕೀಗನ್‌ನ ಮನೆಗೆ ಟೆಲಿಗ್ರಾಮ್ ಬಂತು. ಸೆಪ್ಟೆಂಬರ್ 17ರಂದು ಸೇಂಟ್ ಜೋಸೆಫ್ ಚರ್ಚಿನಲ್ಲಿ ಅವನ ಆತ್ಮಕ್ಕೆ ಶಾಂತಿ ಕೋರಿ ಪೂಜೆ ನಡೆಯಿತು.

ಅಲ್ಲಿ ಅವರು ಕಣ್ಣೀರು ಹಾಕುತ್ತಿದ್ದಾಗ ಇಲ್ಲಿ ಇವನು ಒಂದು ಸೆರೆಶಿಬಿರದಿಂದ ಇನ್ನೊಂದಕ್ಕೆ ಅಲೆಯುತ್ತಿದ್ದ. ಏಳು ತಿಂಗಳಲ್ಲಿ ಏಳು ಜೈಲು. ಎರಡು ಸಲ ತಪ್ಪಿಸಿಕೊಂಡ, ಎರಡು ಸಲವೂ ಸಿಕ್ಕಿಬಿದ್ದ. ಅದರಲ್ಲಿ ಒಂದು ಸಲ ಆದದ್ದು ಅಳಬೇಕೋ ನಗಬೇಕೋ ತಿಳಿಯದಂಥದ್ದು. ಪೂರ್ವಕ್ಕೆ ಹೋದರೆ ರಷ್ಯನ್ನರು ಸಿಗುತ್ತಾರೆ ಅಂತ ಜೋ ಮತ್ತು ಜೊತೆಯ ಕೈದಿಗಳು ಒಂದು ರೈಲಿಗೆ ನುಗ್ಗಿದರು. ಅದು ಹೋದದ್ದು ಸೀದಾ ಬರ್ಲಿನ್ನಿಗೆ! ಗೆಸ್ಟಾಪೊ ಅಂದರೆ ಹಿಟ್ಲರನ ರಹಸ್ಯ ಪೊಲೀಸರು. ಅವರ ಕೈಗೆ ಸಿಕ್ಕಿದ. ಗೂಢಚಾರ ಅಂತ ಚಿತ್ರಹಿಂಸೆ ಕೊಟ್ಟರು. ಬದುಕಿಸಿದವರು ಯಾರು ಗೊತ್ತಾ? ಜರ್ಮನ್ ಸೈನ್ಯದ ಅಧಿಕಾರಿಗಳು. ಇವನು ಯುದ್ಧಕೈದಿ, ನಮಗೆ ಸೇರಿದವನು, ನಿಮಗೆ ಇವನ ಮೇಲೆ ಅಧಿಕಾರವಿಲ್ಲ ಅಂತ ಜಗಳವಾಡಿ ಬಿಡಿಸಿಕೊಂಡು ಹೋದರು. ಎರಡು ಇಲಾಖೆಗಳ ಹಟದಲ್ಲಿ ಒಂದು ಜೀವ ಉಳಿಯಿತು.

ಹೀಗೆ ಬಂದು ಸೇರಿದ್ದು ಕ್ಯುಸ್ಟ್ರಿನ್ ಊರಿನ ಹತ್ತಿರದ ಸ್ಟಾಲಾಗ್ 3-ಸಿ ಶಿಬಿರ. ಆ ಕಾಲದ ಜರ್ಮನ್ ಶಿಬಿರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅಮೆರಿಕನ್, ಬ್ರಿಟಿಷ್ ಕೈದಿಗಳಿಗೆ ರೆಡ್ ಕ್ರಾಸ್‌ನಿಂದ ಆಗಾಗ ಪೊಟ್ಟಣ ಬರುತ್ತಿತ್ತು. ಅದರಲ್ಲಿದ್ದ ಸಿಗರೇಟೇ ಶಿಬಿರದ ನಾಣ್ಯ. ಬ್ರೆಡ್ಡಿಗೆ ಇಷ್ಟು, ಸಾಬೂನಿಗೆ ಇಷ್ಟು ಅಂತ ಲೆಕ್ಕ. ತಂತಿಬೇಲಿಯ ಆಚೆಗಿದ್ದ ಸೋವಿಯತ್ ಕೈದಿಗಳಿಗೆ ಇದ್ಯಾವುದೂ ಇಲ್ಲ. ಹಸಿವು, ಚಳಿ, ರೋಗ, ಗುಂಡು. ಆ ಯುದ್ಧದಲ್ಲಿ ಜರ್ಮನ್ನರ ಸೆರೆಯಲ್ಲಿ ಸತ್ತ ಸೋವಿಯತ್ ಸೈನಿಕರು 30 ಲಕ್ಷಕ್ಕೂ ಹೆಚ್ಚು. ಮುಂದೆ ಜೋ ರಷ್ಯನ್ನರ ಜೊತೆ ನಿಂತು ಹೋರಾಡಿದ ಅನ್ನುವಾಗ ಈ ಲೆಕ್ಕ ನಿಮ್ಮ ತಲೆಯಲ್ಲಿರಲಿ.

1945ರ ಜನವರಿ ಮೊದಲ ದಿನಗಳು. ಮೂವರು ಶಿಬಿರದಿಂದ ಹೊರಬಿದ್ದರು. ಇಬ್ಬರು ಸತ್ತರು. ಜೋ ಒಬ್ಬನೇ ಓಡಿದ, ಪೂರ್ವಕ್ಕೆ.

ಜನವರಿ ಮಧ್ಯಕ್ಕೆ ಸೋವಿಯತ್ ಟ್ಯಾಂಕುಗಳು ಎದುರಾದವು. ಸ್ವಲ್ಪ ಆ ಹುಡುಗನ ಜಾಗದಲ್ಲಿ ನಿಂತು ನೋಡಿ. ಕೊರಳಲ್ಲಿ ಬಿಲ್ಲೆ ಇಲ್ಲ. ಕೈಯಲ್ಲಿ ಕಾಗದ ಇಲ್ಲ. ರಷ್ಯನ್ ಬರುವುದಿಲ್ಲ. ಜರ್ಮನ್ ನೆಲದಲ್ಲಿ ನಿಂತಿದ್ದಾನೆ, ಅಜ್ಜಂದಿರು ಜರ್ಮನ್ನರು, ನೋಡುವುದಕ್ಕೂ ಹಾಗೇ. ತಾನು ಯಾರು ಅಂತ ಹೇಗೆ ಹೇಳಬೇಕು? ಅವನು ಎರಡೂ ಕೈ ಮೇಲೆತ್ತಿದ. ಒಂದು ಕೈಯಲ್ಲಿ ಲಕ್ಕಿ ಸ್ಟ್ರೈಕ್ ಸಿಗರೇಟು ಪ್ಯಾಕು. 'ಅಮೆರಿಕಾನ್‌ಸ್ಕಿ ತವಾರಿಷ್' ಅಂತ ಕೂಗಿದ. ಅಮೆರಿಕದ ಗೆಳೆಯ ಅಂತ. ಗೊತ್ತಿದ್ದ ರಷ್ಯನ್ ಅಷ್ಟೇ. ಆ ಹೊತ್ತಿಗೆ ಅವನ ಗುರುತಿನ ಚೀಟಿ ಅಂದರೆ ಆ ಸಿಗರೇಟು ಪ್ಯಾಕು.

ಆ ದಳಕ್ಕೆ ಅಧಿಕಾರಿಯಾಗಿದ್ದದ್ದು ಒಬ್ಬ ಹೆಂಗಸು ಅಂತ ಜೋ ನೆನಪಿಸಿಕೊಳ್ಳುತ್ತಿದ್ದ. ಅವಳು ಅಲೆಕ್ಸಾಂದ್ರಾ ಸಮುಸೆಂಕೊ ಅಂತ ಅವನ ಬಗ್ಗೆ ಬರೆದವರು ಹೇಳುತ್ತಾರೆ. ಸೋವಿಯತ್ ಟ್ಯಾಂಕು ಪಡೆಯಲ್ಲಿ ಕ್ಯಾಪ್ಟನ್ ಆಗಿದ್ದವಳು, ವಯಸ್ಸು ಇಪ್ಪತ್ತರ ಮೇಲೆ ಎರಡೋ ಮೂರೋ. ಮಾರ್ಚ್‌ನಲ್ಲಿ ಅವಳೂ ಸತ್ತಳು. ಹಿಂದಕ್ಕೆ ಕಳಿಸುತ್ತೇವೆ ಅಂದರೆ ಜೋ ಒಪ್ಪಲಿಲ್ಲ. ನಿಮ್ಮ ಜೊತೆ ಬರ್ಲಿನ್ನಿಗೆ ಬರುತ್ತೇನೆ ಅಂದ. ಟ್ಯಾಂಕುಗಳನ್ನು ನೋಡಿದರೆ ತನ್ನ ದೇಶದ್ದೇ, ಶರ್ಮನ್! ಅಮೆರಿಕ ಯುದ್ಧಕಾಲದಲ್ಲಿ ಸೋವಿಯತ್ತಿಗೆ ಸುಮಾರು 4,000 ಶರ್ಮನ್ ಟ್ಯಾಂಕು ಕಳಿಸಿತ್ತು. ರೇಡಿಯೋ ಬಲ್ಲವನು, ಸ್ಫೋಟಕ ಬಲ್ಲವನು ತಾನಾಗಿ ಬಂದರೆ ಯಾರು ಬೇಡ ಅಂತಾರೆ?

ಸುಮಾರು ಒಂದು ತಿಂಗಳು ಅವರ ಜೊತೆ ಇದ್ದ. ಎರಡೂ ಸೈನ್ಯಗಳಲ್ಲಿ ಹೋರಾಡಿದ ಏಕೈಕ ಅಮೆರಿಕನ್ ಸೈನಿಕ ಅಂತ ಇವನನ್ನು ಕರೆಯುತ್ತಾರೆ. 'ಏಕೈಕ' ಅನ್ನುವ ಮಾತು ಕೇಳಿದರೆ ನನಗೆ ಯಾವಾಗಲೂ ಸ್ವಲ್ಪ ಅನುಮಾನ. ಅಷ್ಟು ದೊಡ್ಡ ಯುದ್ಧದಲ್ಲಿ ಎಲ್ಲವನ್ನೂ ಎಣಿಸಿದವರು ಯಾರು? ಏಕೈಕ ಅಲ್ಲದಿದ್ದರೂ ಈ ಕತೆಗೆ ಏನೂ ಕಡಿಮೆಯಾಗುವುದಿಲ್ಲ ಬಿಡಿ.

ಜನವರಿ ಕೊನೆಗೆ ಆ ದಳ ಒಂದು ಸೆರೆಶಿಬಿರವನ್ನು ಬಿಡಿಸಿತು. ಯಾವುದು? ಸ್ಟಾಲಾಗ್ 3-ಸಿ. ಜೋ ಹೊರಗೆ ಓಡಿಬಂದ ಅದೇ ಶಿಬಿರ. ಕಚೇರಿಯ ತಿಜೋರಿ ಒಡೆಯಬೇಕಿತ್ತು, ಸ್ಫೋಟಕದವನನ್ನು ಕರೆದರು. ಒಡೆದ ತಿಜೋರಿಯಲ್ಲಿ ತನ್ನದೇ ಫೋಟೋ ಸಿಕ್ಕಿತು ಅಂತ ಅವನು ಹೇಳುತ್ತಿದ್ದ. ಕೈದಿಯಾಗಿ ತೆಗೆಸಿಕೊಂಡ ಫೋಟೋ. ಜಗತ್ತಿನಲ್ಲಿ ಅವನು ಬದುಕಿದ್ದಾನೆ ಅನ್ನುವುದಕ್ಕೆ ಇದ್ದ ಕಾಗದ ಶತ್ರುವಿನ ಪೆಟ್ಟಿಗೆಯಲ್ಲಿತ್ತು. ತನ್ನ ಕಡೆಯ ಕಾಗದದಲ್ಲಿ ಸತ್ತಿದ್ದ.

ಫೆಬ್ರುವರಿ ಮೊದಲ ವಾರ ಜರ್ಮನ್ ವಿಮಾನಗಳು ಬಾಂಬು ಹಾಕಿದವು. ಜೋ ಗಾಯಗೊಂಡ. ಲ್ಯಾಂಡ್ಸ್‌ಬರ್ಗ್ ಅನ್ನುವ ಊರಿನ ಸೋವಿಯತ್ ಆಸ್ಪತ್ರೆಗೆ ಸೇರಿಸಿದರು. ಈಗ ಆ ಊರು ಪೋಲೆಂಡಿನಲ್ಲಿದೆ. ಒಂದು ದಿನ ಆಸ್ಪತ್ರೆ ನೋಡಲು ಮಾರ್ಷಲ್ ಝುಕೋವ್ ಬಂದರು. ಬರ್ಲಿನ್ ಕಡೆಗೆ ನುಗ್ಗುತ್ತಿದ್ದ ಸೋವಿಯತ್ ಸೈನ್ಯದ ದಂಡನಾಯಕ. ಇಲ್ಲೊಬ್ಬ ಅಮೆರಿಕನ್ ಇದ್ದಾನೆ ಅಂದಾಗ ಕುತೂಹಲ ಬಂತು. ದುಭಾಷಿಯನ್ನು ಇಟ್ಟುಕೊಂಡು ಕತೆ ಕೇಳಿದರು. ಜೋ ಬೇಡಿದ್ದು ಒಂದೇ. ಒಂದು ಕಾಗದ ಬೇಕು. ಝುಕೋವ್ ಕೊಡಿಸಿದರು. ಅದನ್ನು ತೋರಿಸಿಕೊಂಡು ಸೈನ್ಯದ ವಾಹನಗಳ ಜೊತೆ ಮಾಸ್ಕೋ ಸೇರಿದ.

ಅಮೆರಿಕದ ರಾಯಭಾರ ಕಚೇರಿಗೆ ಹೋಗಿ ಹೆಸರು ಹೇಳಿದ. ಅಲ್ಲಿಯವರು ದಾಖಲೆ ನೋಡಿದರು. ನೀನು ಹೇಳುತ್ತಿರುವ ಬೈರ್ಲಿ ಜೂನ್ 10ರಂದೇ ಸತ್ತಿದ್ದಾನಲ್ಲಪ್ಪ!

ರಷ್ಯನ್ನರು ಸಿಗರೇಟು ಪ್ಯಾಕು ನೋಡಿ ನಂಬಿದರು. ಸ್ವಂತ ದೇಶದವರು ನಂಬಲಿಲ್ಲ. ಅವರದ್ದೂ ತಪ್ಪು ಅನ್ನಲಾರೆ. ಗೂಢಚಾರ ಆಗಿದ್ದರೆ? ಮೆಟ್ರೋಪೋಲ್ ಹೋಟೆಲಿನಲ್ಲಿ ಕೋಣೆ ಕೊಟ್ಟರು, ಕಾವಲಿಗೆ ಮರೀನ್ ಸೈನಿಕರನ್ನು ನಿಲ್ಲಿಸಿದರು. ಮೂರನೇ ಸಲ ಸೆರೆಶಿಬಿರದಿಂದ ತಪ್ಪಿಸಿಕೊಂಡು ಬಂದವನು ತನ್ನವರದ್ದೇ ಕಾವಲಲ್ಲಿ ಕೂತ. ಕೊನೆಗೆ ಬೆರಳಚ್ಚು ತಾಳೆ ನೋಡಿದರು. ಕೂಡಿತು. ಬದುಕಿದ್ದಾನೆ ಅಂತ ಒಪ್ಪಿಕೊಂಡರು.

(ಇಲ್ಲಿ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈ ಎತ್ತಿದರು. "ಸಾರ್, ಇದು ನಮ್ಮ ಲೈಫ್ ಸರ್ಟಿಫಿಕೇಟ್ ಇದ್ದ ಹಾಗೆ ಇದೆಯಲ್ಲ! ಹೋದ ನವೆಂಬರ್‌ನಲ್ಲಿ ನನ್ನ ಬೆರಳಚ್ಚು ಮೆಷಿನ್ನಿನಲ್ಲಿ ಕೂರಲೇ ಇಲ್ಲ. ನಾನು ಎದುರಿಗೇ ನಿಂತಿದ್ದೀನಿ, ಆ ಹುಡುಗಿ ಮ್ಯಾಚ್ ಆಗ್ತಿಲ್ಲ ಅಂಕಲ್ ಅಂತಾಳೆ. ಮೂರು ದಿನ ಓಡಾಡಿದೆ." ಸಭೆಯಲ್ಲಿ ಅರ್ಧದಷ್ಟು ಜನ ಪಿಂಚಣಿದಾರರು. ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಜೋ ಮಾಸ್ಕೋದಲ್ಲಿ ಕೂತ ಹೋಟೆಲು ಕೋಣೆ ನಾನು ಹೇಳಿದ್ದಕ್ಕಿಂತ ಅವರು ಹೇಳಿದ ಮೇಲೆ ಚೆನ್ನಾಗಿ ಅರ್ಥವಾಯಿತು ಅನಿಸಿತು.)

1945ರ ಏಪ್ರಿಲ್ 21ರಂದು ಜೋ ಊರಿಗೆ ಬಂದ. ಮುಂದಿನ ವರ್ಷ ಜೋಆನ್ ಎಂಬ ಹುಡುಗಿಯನ್ನು ಮದುವೆಯಾದ. ಎಲ್ಲಿ? ಸೇಂಟ್ ಜೋಸೆಫ್ ಚರ್ಚಿನಲ್ಲಿ. ಮದುವೆ ಮಾಡಿಸಿದ್ದು ಎರಡು ವರ್ಷದ ಹಿಂದೆ ಅವನ ಶಾಂತಿಪೂಜೆ ಮಾಡಿಸಿದ ಅದೇ ಪಾದ್ರಿ. ನಮ್ಮ ಹಳೇ ಶಾಸ್ತ್ರದಲ್ಲೂ ಇದೆಯಲ್ಲ, ಸತ್ತನೆಂದು ಕರ್ಮ ಮಾಡಿದವನು ವಾಪಸ್ ಬಂದರೆ ಜಾತಕರ್ಮದಿಂದ ಹಿಡಿದು ಎಲ್ಲ ಮತ್ತೆ ಮಾಡಬೇಕು ಅಂತ. ಜೋ ನೇರವಾಗಿ ಮದುವೆಗೇ ಬಂದ.

ಇಷ್ಟು ಹೊತ್ತು ಏಕವಚನದಲ್ಲೇ ಮಾತಾಡಿದೆ. ಇಪ್ಪತ್ತರ ಹುಡುಗ, ಹಾಗೇ ಬಾಯಿಗೆ ಬಂತು. ಇನ್ನು ಮೇಲೆ 'ಅವರು' ಅನ್ನಬೇಕು. ಯಾಕೆಂದರೆ ಮುಂದಿನ ಐವತ್ತು ವರ್ಷ ಅವರು ನಿಮ್ಮ ನಮ್ಮ ಹಾಗೇ ಬಾಳಿದರು. ಬ್ರನ್ಸ್‌ವಿಕ್ ಕಂಪನಿಯಲ್ಲಿ 28 ವರ್ಷ ಕೆಲಸ ಮಾಡಿ, ಸರಕು ಕಳಿಸುವ ವಿಭಾಗದ ಸೂಪರ್‌ವೈಸರ್ ಆಗಿ ನಿವೃತ್ತರಾದರು. ಯಾವ ಪೆಟ್ಟಿಗೆ ಯಾರ ಹೆಸರಿಗೆ ಹೋಗಬೇಕು ಅಂತ ನೋಡಿಕೊಳ್ಳುವ ಕೆಲಸ!

ಅಷ್ಟರಲ್ಲಿ ಅಮೆರಿಕ, ರಷ್ಯ ಕಡುವೈರಿಗಳಾಗಿದ್ದವು. ಆ ಶೀತಲ ಸಮರ ಮುಗಿದ ಮೇಲೆ, 1994ರಲ್ಲಿ, ನಾರ್ಮಂಡಿ ದಾಳಿಗೆ ಐವತ್ತು ವರ್ಷ ತುಂಬಿದ ನೆನಪಿಗೆ ಶ್ವೇತಭವನದ ತೋಟದಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಮತ್ತು ರಷ್ಯದ ಅಧ್ಯಕ್ಷ ಯೆಲ್ಟ್ಸಿನ್ ಇಬ್ಬರೂ ಅವರಿಗೆ ಪದಕ ಕೊಟ್ಟರು. ಅವರ ಮಗ ಜಾನ್ ಬೈರ್ಲಿ 2008ರಿಂದ 2012ರವರೆಗೆ ರಷ್ಯದಲ್ಲಿ ಅಮೆರಿಕದ ರಾಯಭಾರಿ. ಅಪ್ಪನನ್ನು ನೀನು ಸತ್ತಿದ್ದೀಯ ಅಂದ ಕಚೇರಿಗೆ ಮಗನೇ ಮುಖ್ಯಸ್ಥನಾದ. ಕತೆ ಕಟ್ಟುವವರು ಹೀಗೆ ಬರೆದರೆ ಜಾಸ್ತಿ ಆಯಿತು ಅಂತೀವಿ, ಅಲ್ವಾ?

ಅದನ್ನು ನೋಡಲು ಜೋ ಅವರು ಇರಲಿಲ್ಲ. 2004ರ ಡಿಸೆಂಬರ್‌ನಲ್ಲಿ ಅವರು ಟಕೋವಾಕ್ಕೆ ಹೋಗಿದ್ದರು, 1942ರಲ್ಲಿ ಕರಾಹೀ ಬೆಟ್ಟ ಓಡಿ ಹತ್ತಿದ ಅದೇ ಊರಿಗೆ. ಡಿಸೆಂಬರ್ 12ರಂದು ಅಲ್ಲೇ, ನಿದ್ದೆಯಲ್ಲಿ, ಹೃದಯ ನಿಂತಿತು. 81 ವರ್ಷ. ಮುಂದಿನ ಏಪ್ರಿಲ್‌ನಲ್ಲಿ ಆರ್ಲಿಂಗ್ಟನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅದೇ 2005ರಲ್ಲಿ ಸೇಂಟ್ ಕೋಮ್ ದ್ಯು ಮೋಂ ಹಳ್ಳಿಯವರು ತಮ್ಮ ಚರ್ಚಿನ ಗೋಡೆಗೆ ಒಂದು ಫಲಕ ಹಾಕಿದರು. ಜೋಸೆಫ್ ಬೈರ್ಲಿ ಇಳಿದದ್ದು ಇಲ್ಲಿ ಅಂತ.